ಬೆನ್ನು ಹಾಕಿ ಕೂತವರು

"ಒಂದೇ ತುತ್ತು ಕಣೋ. ನಾನೇನು ಕಿತ್ಕೊಂಡು ತಿಂತೀನಾ?"

ಅನ್ನದ ಬಟ್ಟಲನ್ನು ಕಡ್ಡಿ ಇನ್ನೂ ಒಂದು ಗೇಣು ಮುಂದೆ ತಳ್ಳಿದಳು. ಹಳೇ ಕಂಬಳಿಯ ಮೇಲೆ ಮಲಗಿದ್ದ ಕರಿಮೂತಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿತು.

ಕಡ್ಡಿಯ ಹಾಗೇ ಇದ್ದ ಹುಡುಗಿಗೆ ಅಮ್ಮ ಇಟ್ಟ ಹೆಸರು ಕಡ್ಡಿ. ಅಮ್ಮ ಪ್ರಾಣಿಗಳ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಲಾರಿಗೆ ಸಿಕ್ಕಿದ್ದ ಬೀದಿನಾಯಿ ಕರಿಮೂತಿಯ ಹಿಂಗಾಲೊಂದನ್ನು ಅಲ್ಲಿ ಡಾಕ್ಟರು ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಕಳಿಸುವ ದಿನ ಬಂತು, ಕರೆದೊಯ್ಯಲು ಯಾರೂ ಬರಲಿಲ್ಲ. ಅಮ್ಮನೇ ಎತ್ತಿಕೊಂಡು ಬಂದಳು. ಅದಕ್ಕೆ ನಾಲ್ಕು ದಿನವಾಯಿತು.

ಮಾತ್ರೆಯನ್ನು ಹೇಗೋ ನುಂಗಿಸಬಹುದಿತ್ತು. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದರೆ ಹಿತ್ತಲವರೆಗೆ ಕುಂಟುತ್ತಿತ್ತು. ಊಟ ಮಾತ್ರ ಬೇಡವೇ ಬೇಡ.

ಬೆಳಿಗ್ಗೆ ಅಮ್ಮ ಹೇಳಿದ್ದಳು: "ಇವತ್ತೂ ತಿನ್ನಲಿಲ್ಲ ಅಂದ್ರೆ ವಾಪಸ್ ತಗೊಂಡ್ ಬಾ ಅಂದಿದಾರೆ ಡಾಕ್ಟರು. ಗೂಡಲ್ಲಿಟ್ಟು ಮೂಗಿಗೆ ಪೈಪ್ ಹಾಕ್ತಾರಂತೆ."

"ಅಲ್ಲಿ ಒಬ್ಬನೇ ಇರ್ಬೇಕಲ್ಲಮ್ಮಾ."

"ಹಸ್ಕೊಂಡು ಸಾಯೋದಕ್ಕಿಂತ ವಾಸಿ ಅಲ್ವೇನೆ?"

ಅಮ್ಮ ಬರುವುದು ಆರಕ್ಕೆ. ಈಗ ಐದೂಕಾಲು. ಊಟಕ್ಕೆಂದು ಅದರ ಕುತ್ತಿಗೆಯ ಪ್ಲಾಸ್ಟಿಕ್ ಕಾಲರ್ ಬಿಚ್ಚಿದ್ದಳು. ಕಾಲರ್ ಇಲ್ಲದಿದ್ದರೆ ಹೊಲಿಗೆ ನೆಕ್ಕಿಬಿಡುತ್ತದೆ. ಅದಕ್ಕೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಿದ್ದಳು. ಅದು ಗೋಡೆ ನೋಡುತ್ತಿತ್ತು.

"ಹೋಗು, ನೀನೂ ನನ್ ಜೊತೆ ಮಾತಾಡ್ಬೇಡ."

ಕಡ್ಡಿ ಅದಕ್ಕೆ ಬೆನ್ನು ಹಾಕಿ ಕೂತಳು. ಬ್ಯಾಗಿನಿಂದ ಟಿಫಿನ್ ಬಾಕ್ಸ್ ತೆಗೆದಳು. ಇವತ್ತೂ ಬ್ರೆಡ್ಡು ಹಾಗೇ ಉಳಿದಿತ್ತು. ಹೊಸ ಸ್ಕೂಲಿಗೆ ಸೇರಿ ಮೂರು ವಾರ. ಅಲ್ಲಿ ಬಾಕ್ಸ್ ತೆಗೆದರೆ ಸಾಕು, ಇಡೀ ಕ್ಲಾಸು ಅವಳ ಬಾಯನ್ನೇ ನೋಡುತ್ತದೆ. ತುತ್ತು ಗಂಟಲಲ್ಲೇ ನಿಂತುಬಿಡುತ್ತದೆ. ಅವಳ ಬೆಂಚಿಗೆ ಬಂದು ಕೂರುವವಳು ಕನ್ನಡಕದ ಹುಡುಗಿ ಒಬ್ಬಳೇ. ಅವಳೋ, ದಿನವೂ ಬೆನ್ನು ತಿರುಗಿಸಿಕೊಂಡೇ ತಿನ್ನುತ್ತಾಳೆ. ಎಷ್ಟು ಜಂಬ!

ಒಣಗಿದ ಬ್ರೆಡ್ಡನ್ನು ಕಡ್ಡಿ ಮೆಲ್ಲಗೆ ಅಗಿದಳು.

ಹಿಂದೆ ಲೊಚಲೊಚ ನೆಕ್ಕುವ ಸದ್ದು.

ಅಯ್ಯೋ, ಹೊಲಿಗೆ! ತಿರುಗಬೇಕು ಎನ್ನುವಷ್ಟರಲ್ಲಿ ಇನ್ನೊಂದು ಸದ್ದು ಬಂತು. ಕರ್... ಕರ್... ಸ್ಟೀಲ್ ಬಟ್ಟಲು ನೆಲದ ಮೇಲೆ ಜರುಗುವ ಸದ್ದು.

ಕಡ್ಡಿ ಕಲ್ಲಾಗಿ ಕೂತಳು. ಕತ್ತು ತಿರುಗಿಸಲಿಲ್ಲ. ಬಾಯಲ್ಲಿದ್ದುದನ್ನು ಸದ್ದಾಗದಂತೆ ನುಂಗಿ ಇನ್ನೊಂದು ಚೂರು ಕಚ್ಚಿದಳು. ಹಿಂದೆ ಅದು ತಿಂದಿತು, ಮುಂದೆ ಇವಳು ತಿಂದಳು. ಬಟ್ಟಲು ಗೋಡೆಗೆ ಟಣ್ ಎಂದು ಬಡಿದ ಮೇಲೇ ತಿರುಗಿದ್ದು. ತಳದಲ್ಲಿ ಒಂದು ಅಗುಳೂ ಇರಲಿಲ್ಲ.

ಅಮ್ಮ ಬಂದು ಬಟ್ಟಲನ್ನೂ ಬಾಕ್ಸನ್ನೂ ನೋಡಿದಳು.

"ಎರಡೂ ಖಾಲಿ! ಯಾರು ಯಾರದ್ದು ತಿಂದ್ರಿ?"

"ಪೈಪ್ ಬೇಡ ಅಂತ ಡಾಕ್ಟರ್‌ಗೆ ಹೇಳ್ಬಿಡಮ್ಮಾ. ನೋಡ್ತಾ ಇದ್ರೆ ಅವನಿಗೆ ತಿನ್ನಕ್ಕಾಗಲ್ಲ. ಆದ್ರೆ ಹತ್ರ ಇರ್ಬೇಕು."

ಹೇಳುತ್ತಿದ್ದಂತೆ ಕನ್ನಡಕದ ಹುಡುಗಿಯ ಬೆನ್ನು ಅವಳ ಕಣ್ಣ ಮುಂದೆ ಬಂತು. ಅಮ್ಮ ಕಾಲರ್ ಕಟ್ಟುತ್ತಾ ಏನೋ ಕೇಳಿದಳು. ಅದು ಅವಳ ಕಿವಿಗೆ ಬೀಳಲಿಲ್ಲ.

ಮಾರನೇ ದಿನ ಊಟದ ಬೆಲ್ ಹೊಡೆಯಿತು. ಕನ್ನಡಕದ ಹುಡುಗಿ ಬಂದಳು. ಎಂದಿನಂತೆ ಬೆನ್ನು ತಿರುಗಿಸಿಕೊಂಡು ಬೆಂಚಿನ ಆ ತುದಿಗೆ ಕೂತಳು.

ಕಡ್ಡಿಯೂ ಅವಳಿಗೆ ಬೆನ್ನು ಹಾಕಿ ತನ್ನ ಬಾಕ್ಸ್ ತೆಗೆದಳು. ಆ ಕಡೆಯೂ ಮುಚ್ಚಳ ತೆಗೆದ ಸದ್ದಾಯಿತು. ಇಬ್ಬರೂ ತಿಂದರು, ಯಾರೂ ಯಾರನ್ನೂ ನೋಡಲಿಲ್ಲ.

ಬಾಕ್ಸಿನಲ್ಲಿ ಎರಡು ಬಿಸ್ಕತ್ತು ಉಳಿದವು. ಒಂದನ್ನು ಮುಚ್ಚಳದ ಮೇಲಿಟ್ಟು, ಕತ್ತು ತಿರುಗಿಸದೆ, ಕಡ್ಡಿ ಬೆಂಚಿನ ಮೇಲೆ ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಒಂದು ಗೇಣು. ಮತ್ತೊಂದು ಗೇಣು.

ಆಮೇಲೆ ಕಿವಿ ನೆಟ್ಟಗೆ ಮಾಡಿಕೊಂಡು ಕಾದಳು.

ಕಟ್ ಎಂದು ಬಿಸ್ಕತ್ತು ಮುರಿದ ಸದ್ದು ಕೇಳಿಸಿತು.