ಹನ್ನೆರಡು ಕುಂಡಗಳ ಸಾಕ್ಷಿ

ಗಾಜಿನ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಬೆಳಿಗ್ಗೆ ಏಳಕ್ಕೆ ಮಾಲಿ ಗಾಜು ಒಡೆದು ಒಳಗೆ ಹೋದ. ಸಸ್ಯವಿಜ್ಞಾನದ ಮುದುಕಿ ಮೇಡಂ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ತಣ್ಣಗಾಗಿದ್ದರು. ತಲೆಯ ಮೇಲಿನ ಕಿಟಕಿ ಪೂರ್ತಿ ತೆರೆದಿತ್ತು. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಇನ್ಸ್‌ಪೆಕ್ಟರಮ್ಮ ಬರುವ ಹೊತ್ತಿಗೆ ಸಂಶೋಧನಾ ಕೇಂದ್ರದವರೆಲ್ಲ ಸೇರಿ ತೀರ್ಪು ಕೊಟ್ಟಾಗಿತ್ತು.

“ಮಾಲಿ ಕಿಟಕಿ ಹಾಕೋದು ಮರೆತಿದ್ದಾನೆ,” ಎಂದ ಹೆಡ್ ಕಾನ್‌ಸ್ಟೇಬಲ್. “ಮೊದಲೇ ಹೃದಯದ ಕಾಯಿಲೆ. ಚಳಿ ತಡೀಲಿಲ್ಲ. ತಿಂಡಿ ಹೊತ್ತಿಗೆ ಕೇಸ್ ಮುಗಿಯುತ್ತೆ ಮೇಡಂ.”

“ನಿಮ್ಮ ಹೊಟ್ಟೆಗೆ ಎಲ್ಲಾ ಕೇಸೂ ತಿಂಡಿ ಹೊತ್ತಿಗೇ ಮುಗೀಬೇಕು.”

ಮಾಲಿ ಕೈಕಟ್ಟಿ ನಿಂತಿದ್ದ. ಅರವತ್ತು ದಾಟಿದ ಜೀವ. ಉಗುರಿನ ಸಂದಿಯ ಮಣ್ಣು ಇನ್ನು ಹೋಗುವಂಥದ್ದಲ್ಲ.

“ಸಂಜೆ ಕಿಟಕಿ ಹಾಕಿದ್ರಾ?”

ಅವನು ನೆಲ ನೋಡಿದ. “ಮರ್ತೆ ಅಂತ ಬರ್ಕೊಳ್ಳಿ ತಾಯಿ.”

“ಮರೆತವರು ಹಾಗೆ ಹೇಳಲ್ಲ. ಜೈಲಾಗುತ್ತೆ, ಗೊತ್ತಲ್ಲ?”

“ಗೊತ್ತು.”

ಇನ್ಸ್‌ಪೆಕ್ಟರಮ್ಮ ಕುರ್ಚಿಯ ಕಡೆ ತಿರುಗಿದರು. ಎರಡು ಸ್ವೆಟರ್. ಕಿವಿ ಮುಚ್ಚುವ ಟೋಪಿ. ಕಾಲಿಗೆ ಜೋಡಿ ಜೋಡಿ ಉಣ್ಣೆಯ ಕಾಲುಚೀಲ. ಪಕ್ಕದಲ್ಲಿ ಅರ್ಧ ಖಾಲಿಯಾದ ಚಹಾದ ಫ್ಲಾಸ್ಕು. ಕಿಟಕಿ ತಿರುಗಿಸುವ ಕಬ್ಬಿಣದ ಹಿಡಿ ಮುದುಕಿಯ ಕಾಲ ಬಳಿಯೇ ಬಿದ್ದಿತ್ತು.

ಅವರು ಪ್ರಯೋಗಾಲಯದ ಕಡೆ ನಡೆದರು.

* * *

ಪ್ರಯೋಗಾಲಯದಲ್ಲಿ ಸತ್ತವರ ಅಕ್ಕನ ಮಗಳು ಕೂತಿದ್ದಳು. ಆರು ವರ್ಷಕ್ಕೆ ತಾಯಿ ಕಳೆದುಕೊಂಡವಳು. ಚಿಕ್ಕಮ್ಮನೇ ಸಾಕಿ, ಓದಿಸಿ, ಜೊತೆಗೆ ಕೆಲಸಕ್ಕೆ ಇಟ್ಟುಕೊಂಡಿದ್ದರು. ಅತ್ತೂ ಅತ್ತೂ ಮುಖ ಊದಿತ್ತು.

“ಚಿಕ್ಕಮ್ಮ ಏನು ಕೆಲಸ ಮಾಡ್ತಿದ್ರು? ಬಿಡಿಸಿ ಹೇಳಮ್ಮ. ಸೈನ್ಸಲ್ಲಿ ನಂಗೆ ಬಂದಿದ್ದು ಮೂವತ್ತೈದು. ಅದೂ ಮೇಷ್ಟ್ರು ಕನಿಕರಪಟ್ಟು ಕೊಟ್ಟಿದ್ದು.”

“ಡಿಎನ್‌ಎ ಅನ್ನೋದು ನಾಲ್ಕೇ ಅಕ್ಷರದ ಬರಹ. ಎ, ಟಿ, ಜಿ, ಸಿ. ಕೆಲವು ಗಿಡದಲ್ಲಿ ಜಿ, ಸಿ ಪಾಲು ಜಾಸ್ತಿ. ಕೊರೆಯೋ ಚಳಿ, ಒಣ ನೆಲ ಇರೋ ಕಡೆ ಬಾಳೋ ಗಿಡಗಳಲ್ಲಿ ಅದು ಜಾಸ್ತಿ ಇರುತ್ತೆ ಅಂತ ಚಿಕ್ಕಮ್ಮನ ವಾದ. ಯುಗಯುಗದ ಚಳಿ ಗಿಡದ ಅಕ್ಷರವನ್ನೇ ತಿದ್ದಿದೆ ಅಂತಿದ್ರು. ಮೂವತ್ತು ವರ್ಷ ಅದೊಂದೇ ಧ್ಯಾನ. ಮುಂದಿನ ತಿಂಗಳು ಪುಸ್ತಕ ಅಚ್ಚಿಗೆ ಹೋಗೋದಿತ್ತು.”

“ಅಕ್ಷರ ಎಣಿಸೋದು ಹೇಗೆ?”

“ಎಲೆನ ಬ್ಲೇಡಿಂದ ಕೊಚ್ಚಿ, ಬಣ್ಣ ಹಾಕಿ ಯಂತ್ರಕ್ಕೆ ಕೊಡ್ತೀವಿ. ಈ ಸೀಸೆಯಲ್ಲಿರೋ ಕೆಂಪು ಎಲ್ಲಾ ಅಕ್ಷರಕ್ಕೂ ಅಂಟುತ್ತೆ. ಇನ್ನೊಂದು ಬಣ್ಣ ಎ, ಟಿಗೆ ಮಾತ್ರ. ಎರಡನ್ನೂ ಹೋಲಿಸಿದರೆ ಉತ್ತರ. ಯಂತ್ರ ಬರೆದಿಟ್ಟಿದ್ದನ್ನ ಯಾರೂ ಅಳಿಸೋಕಾಗಲ್ಲ.”

“ಅವರೂ ಅಳೀತಿದ್ರಾ?”

“ಎರಡು ವರ್ಷದಿಂದ ಇಲ್ಲ. ಕೈ ನಡುಗ್ತಿತ್ತು. ನಾನೊಬ್ಬಳೇ.” ಅವಳ ಕಣ್ಣು ಮತ್ತೆ ತುಂಬಿತು. “ಆ ಮಾಲಿನ ಬಿಡಬೇಡಿ ಮೇಡಂ.”

* * *

ಮಧ್ಯಾಹ್ನ ಇನ್ಸ್‌ಪೆಕ್ಟರಮ್ಮ ಒಬ್ಬರೇ ಗಾಜಿನ ಮನೆಗೆ ಹೋದರು. ಅರವತ್ತು ಕುಂಡ. ಎಲ್ಲದರಲ್ಲೂ ಒಂದೇ ಬಳಗದ, ನೋಡಲು ಹುಲ್ಲಿನಂಥ ಗಿಡ. ಬೆಟ್ಟದ ತುದಿಯವಕ್ಕೆ ನೀಲಿ ಚೀಟಿ, ತಗ್ಗಿನ ಬೆಚ್ಚನೆಯ ಜೌಗಿನವಕ್ಕೆ ಹಳದಿ.

ಮಂಡಿ ನೋವನ್ನು ಬೈದುಕೊಳ್ಳುತ್ತ ಒಂದೊಂದನ್ನೂ ಬಗ್ಗಿ ನೋಡಿದರು. ನೀಲಿ ಚೀಟಿಯವು ಮೂವತ್ತರಲ್ಲಿ ಇಪ್ಪತ್ತನಾಲ್ಕು ನೆಟ್ಟಗೆ ನಿಂತಿದ್ದವು. ಆರು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಒರಗಿದ್ದವು. ಹಳದಿಯವು ಇಪ್ಪತ್ತನಾಲ್ಕು ಸತ್ತಿದ್ದವು. ಆರು ಏನೂ ಆಗದ ಹಾಗೆ ಹಸಿರಾಗಿದ್ದವು.

ಆ ಹನ್ನೆರಡು ಚೀಟಿಗಳನ್ನು ಕಿತ್ತು ಬೆಳಕಿಗೆ ಹಿಡಿದರು. ಪ್ರತಿಯೊಂದರ ಅಂಚಿನಲ್ಲೂ ತೆಳು ಕೆಂಪು ಬೆರಳ ಗುರುತು. ಉಳಿದ ನಲವತ್ತೆಂಟರಲ್ಲಿ ಬರೀ ಮಣ್ಣು.

* * *

“ಮಾಲಿ ಸಂಜೆ ಕಿಟಕಿ ಹಾಕಿದ್ದರು,” ಎಂದರು ಇನ್ಸ್‌ಪೆಕ್ಟರಮ್ಮ. ಎದುರಿಗೆ ಇಬ್ಬರೇ, ಮಾಲಿ ಮತ್ತು ಅಕ್ಕನ ಮಗಳು. “ತೆಗೆದಿದ್ದು ನಿಮ್ಮ ಚಿಕ್ಕಮ್ಮ.”

“ಸುಳ್ಳು!”

“ಕಿಟಕಿ ತೆರೆದಿದ್ರೆ ಯಾರಾದ್ರೂ ಮುಚ್ತಾರೆ. ಅವರು ಒಳಗಿಂದ ಚಿಲಕ ಹಾಕಿ, ಎರಡು ಸ್ವೆಟರ್ ಹಾಕ್ಕೊಂಡು, ಚಹಾ ಇಟ್ಕೊಂಡು ಕೂತ್ರು. ಚಳಿ ಬರಲಿ ಅಂತಲೇ ಕೂತ್ರು. ಯಾಕೆ? ಹನ್ನೆರಡು ಚೀಟಿ ಅದಲುಬದಲಾಗಿದೆ ಅನ್ನೋ ಅನುಮಾನ ಇತ್ತು. ಮನುಷ್ಯರನ್ನ ಕೇಳೋಕೆ ಮನಸ್ಸಾಗಲಿಲ್ಲ. ಗಿಡಗಳನ್ನೇ ಕೇಳಿದ್ರು. ಚೀಟಿ ಏನೇ ಹೇಳಲಿ, ಚಳಿಗೆ ಓದೋಕೆ ಬರಲ್ಲವಲ್ಲ.”

ಇನ್ಸ್‌ಪೆಕ್ಟರಮ್ಮ ಒಂದು ಚೀಟಿಯನ್ನು ಬೆಳಕಿಗೆ ಹಿಡಿದರು.

“ಯಂತ್ರದ ಅಂಕಿ ತಿದ್ದೋಕಾಗಲ್ಲ ಅಂತ ನೀವೇ ಹೇಳಿದ್ರಿ. ಚೀಟಿ ಬದಲಾಯಿಸಬಹುದು. ಎಲೆ ಕೊಚ್ಚಿದ ಗ್ಲೌಸಲ್ಲೇ ಹೋಗಿ ಬದಲಾಯಿಸಿದ್ರಿ. ಕೆಂಪು ಅಂಟಿದೆ. ಆ ಬಣ್ಣ ಮುಟ್ಟೋರು ಇಲ್ಲಿ ನೀವೊಬ್ಬರೇ.”

ಅವಳು ಆ ಚೀಟಿಯ ಕೆಂಪು ಅಂಚನ್ನು ನೋಡಿದಳು. “ಬೆಟ್ಟದ ಆರು ಗಿಡದಲ್ಲಿ ಜಿ, ಸಿ ಕಡಿಮೆ ಬಂತು. ತಗ್ಗಿನ ಆರರಲ್ಲಿ ಜಾಸ್ತಿ. ಮೂರು ಸಲ ಅಳೆದೆ. ಲೆಕ್ಕ ಸರಿಹೋಗಲಿ ಅಂತ ಬೆಟ್ಟದವಕ್ಕೆ ಹಳದಿ ಚೀಟಿ, ತಗ್ಗಿನವಕ್ಕೆ ನೀಲಿ ಸಿಕ್ಕಿಸಿದೆ. ಡಾಕ್ಟ್ರು ಚಿಕ್ಕಮ್ಮಂಗೆ ಇನ್ನು ಒಂದು ವರ್ಷ ಅಂದಿದ್ರು. ಹನ್ನೆರಡು ಕುಂಡಕ್ಕೋಸ್ಕರ ಮೂವತ್ತು ವರ್ಷ ಮಣ್ಣುಪಾಲಾಯ್ತು ಅಂತ ಹೇಗೆ ಹೇಳ್ಲಿ? ನನ್ನನ್ನ ಒಂದು ಮಾತು ಕೇಳಬಹುದಿತ್ತು…”

“ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ ಮಗಾ,” ಎಂದ ಮಾಲಿ. ಬೆಳಗಿನಿಂದ ಅವನಾಗಿಯೇ ಆಡಿದ ಮೊದಲ ಮಾತು. “ಅದನ್ನ ಕೇಳಿಸ್ಕೊಳ್ಳೋಕೆ ಅಮ್ಮಾವ್ರಿಗೆ ಧೈರ್ಯ ಇರ್ಲಿಲ್ಲ. ಎಲೆಗೂ ಚೀಟಿಗೂ ತಾಳೆ ಇಲ್ಲ ಅಂತ ನಾನೇ ಅವರ ಹತ್ರ ಬಾಯಿಬಿಟ್ಟೆ. ‘ಮಗು ಮೇಲೆ ನಾನು ಅನುಮಾನಪಟ್ಟೆ ಅಂತ ಅವಳಿಗೆ ತಿಳೀಬಾರದು’ ಅಂತ ಆಣೆ ಹಾಕಿಸ್ಕೊಂಡ್ರು.”

“ಅದಕ್ಕೆ ಜೈಲಿಗೆ ಹೊರಟಿದ್ರಾ?”

“ಆಣೆ ಅಂದ್ಮೇಲೆ ಆಣೆ ಅಲ್ವಾ ತಾಯಿ.”

ಹೆಡ್ ಕಾನ್‌ಸ್ಟೇಬಲ್ ಆಸ್ಪತ್ರೆಯಿಂದ ಬಟ್ಟೆಯ ಗಂಟು ತಂದ. ಒಳಗಿನ ಸ್ವೆಟರಿನ ಜೇಬಲ್ಲಿ ಒಂದು ಪುಟ್ಟ ಪುಸ್ತಕವಿತ್ತು. ಇನ್ಸ್‌ಪೆಕ್ಟರಮ್ಮ ಕೊನೆಯ ಹಾಳೆ ಓದಿ ಅವಳ ಕೈಗೆ ಕೊಟ್ಟರು. ಅಕ್ಷರಗಳು ನಡುಗಿದ್ದವು.

‘ನಾಲ್ಕೂವರೆ. ಹನ್ನೆರಡೂ ಅದಲುಬದಲು. ಮಗು ನನಗೋಸ್ಕರ ಮಾಡಿದ್ದಾಳೆ. ಪೆದ್ದಿ. ಜಿ, ಸಿ ಕಡಿಮೆಯಿದ್ದೂ ಬೆಟ್ಟದ ಈ ಆರು ಚಳಿ ಗೆದ್ದಿವೆ. ಬೇರೆ ಯಾವುದೋ ದಾರಿ ಕಂಡುಕೊಂಡಿವೆ. ಎಂಥ ಚೆಂದ! ಕೊನೆಯ ಅಧ್ಯಾಯ ಇದರ ಮೇಲೆ, ಅವಳೇ ಬರೆಯಲಿ. ಬೆಳಗಾಗಲಿ, ಹೇಳುತ್ತೇನೆ.’

“ನನ್ನನ್ನ ಕರ್ಕೊಂಡು ಹೋಗ್ತೀರಾ?” ಎಂದಳು ಅವಳು.

“ಚೀಟಿ ಬದಲಾಯಿಸಿದ್ದಕ್ಕೆ ನನ್ನ ಹತ್ರ ಸೆಕ್ಷನ್ ಇಲ್ಲಮ್ಮ.” ಇನ್ಸ್‌ಪೆಕ್ಟರಮ್ಮ ಹನ್ನೆರಡು ಚೀಟಿಗಳನ್ನು ಮೇಜಿನ ಮೇಲಿಟ್ಟರು. “ಇವನ್ನ ಬದಲಾಯಿಸೋಕೆ ಮುಂಚೆ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲಿ ಹಾಕಿ ಬನ್ನಿ.”

ಅವಳು ಹೋದಳು. ಐದು ಗಂಟೆಯಾಗಿತ್ತು. ಮಾಲಿ ಕಬ್ಬಿಣದ ಹಿಡಿ ತೆಗೆದುಕೊಂಡು ಹಿಂದೆಯೇ ಹೋದ. ಕೊನೆಯ ಚೀಟಿ ಮಣ್ಣಿಗಿಳಿಯುವವರೆಗೆ ಕಾದು ನಿಂತು, ಆಮೇಲೆ ಕಿಟಕಿ ಮುಚ್ಚಿದ.