ಮಡಿ ಗೊಬ್ಬರ

"ದೇವರ ಹೂವನ್ನ ಈರುಳ್ಳಿ ಸಿಪ್ಪೆ ಜೊತೆ ಹಾಕಿದೀರಲ್ಲ, ನಿಮಗೆ ಏನಾದ್ರೂ ಬುದ್ಧಿ ಇದ್ಯಾ?"

ಮೇಲಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವನ ಜೊತೆ ವಿಭಾ ಆಡಿದ ಮೊದಲ ಮಾತು ಇದು. ಪ್ರೀತಿ ಇದಕ್ಕಿಂತ ಚೆನ್ನಾಗಿ ಶುರುವಾಗಬಹುದಿತ್ತು, ನಿಜ. ಆದರೆ ವೆಸ್ಟ್ ಮಾಂಬಲಂನ ಆ ತಾರಸಿಯಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು, ಆಫೀಸಿಗೆ ಹೊತ್ತಾಗಿತ್ತು.

ನಿಶಾಂತ್ ತೂತು ಕೊರೆದ ಡ್ರಮ್ಮಿನ ಪಕ್ಕ ಮಣ್ಣು ಕೈಯಲ್ಲಿ ನಿಂತಿದ್ದ. "ಚೀಲದಲ್ಲಿತ್ತು ಕಣ್ರೀ. ಹಸಿ ಕಸ ಅಂದ್ಕೊಂಡೆ. ಬಾಡಿದ ಹೂವು ಗೊಬ್ಬರಕ್ಕೆ ಒಳ್ಳೇದು."

"ಕಸ ಇಲ್ಲ, ನಿರ್ಮಾಲ್ಯ! ದೇವರ ಮೇಲಿಂದ ತೆಗೆದ ಹೂವು. ತುಳೀಬಾರದು ಅಂತ ಅಜ್ಜಿ ಎತ್ತಿ ಇಡ್ತಾರೆ. ಗೊತ್ತಾದ್ರೆ ಅಜ್ಜಿಗೆ ಎಷ್ಟು ಕೋವ ಬರತ್ತೆ ಗೊತ್ತಾ?" ತಮಿಳು ಊರಲ್ಲೇ ಹುಟ್ಟಿ ಬೆಳೆದವಳು, ಸಿಟ್ಟು ಬಂದರೆ ಅವಳ ಬಾಯಲ್ಲಿ ಕೋಪ 'ಕೋವ' ಆಗುತ್ತಿತ್ತು.

ಅಜ್ಜಿ ಅಂಬುಜಮ್ಮ ಹಿತ್ತಲ ಬಾವಿ ಇರುವ ತನಕ ನಿರ್ಮಾಲ್ಯವನ್ನು ಅದಕ್ಕೇ ಹಾಕುತ್ತಿದ್ದರು. ಬಾವಿ ಮುಚ್ಚಿ ಬೋರ್ ಹಾಕಿಸಿದ ಮೇಲೆ ಹೂವೆಲ್ಲ ಚೀಲ ಸೇರಿ ತಾರಸಿಯ ಮೂಲೆಯಲ್ಲಿ ಕೂತಿತ್ತು. ಹೊಳೆಗೆ ಹಾಕಿ ಬರುತ್ತೇವೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು, ಹೋಗುವವರು ಯಾರೂ ಇರಲಿಲ್ಲ.

ನಿಶಾಂತ್ ಕೈಮುಗಿದ. ನಂಜನಗೂಡಿನ ಕಡೆಯವನು, ತಪ್ಪು ಒಪ್ಪಿಕೊಳ್ಳುವಾಗಲೂ ಕಣ್ಣಲ್ಲಿ ನಗು ಇಟ್ಟುಕೊಂಡಿರುತ್ತಿದ್ದ. ಆಮೇಲೆ ಅವಳ ಹಿಂದೆ ನೋಡಿ ಕೇಳಿದ, "ಆ ತುಳಸಿಗೆ ಏನಾಗಿದೆ?"

ವಿಭಾಳ ಸಿಟ್ಟು ಅಲ್ಲೇ ಇಳಿಯಿತು. ಅಜ್ಜಿಯ ತುಳಸಿ ಒಣಗುತ್ತಿತ್ತು. ಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಗಿ, ಹಾಕಿದ ನೀರು ಅಂಚಿನಿಂದ ಹರಿದುಹೋಗುತ್ತಿತ್ತು. ಒಣಗಿದ ಕಡ್ಡಿಗೆ ಮದುವೆ ಮಾಡೋದೇ, ಈ ವರ್ಷ ತುಳಸಿ ಹಬ್ಬ ಬೇಡ ಅಂದಿದ್ದರು ಅಜ್ಜಿ. ಅವತ್ತಿನಿಂದ ಅವರಿಗೆ ಊಟವೂ ಸೇರುತ್ತಿರಲಿಲ್ಲ.

"ಒಳ್ಳೆ ಗೊಬ್ಬರ ಬಿದ್ರೆ ಚಿಗುರುತ್ತೆ," ಎಂದ ನಿಶಾಂತ್.

ಸಂಜೆ ಇಬ್ಬರೂ ಕೆಳಗೆ ಹೋಗಿ ಅದನ್ನೇ ಹೇಳಿದಾಗ ಅಜ್ಜಿ ಕಿವಿ ಮುಚ್ಚಿಕೊಂಡರು. "ಎಂಜಲು ಮುಸುರೆ ತುಳಸಿಗಾ? ರಾಮ ರಾಮ!"

"ಬೇಡ ಅಜ್ಜಿ. ಬರೀ ನಿರ್ಮಾಲ್ಯ, ಒಣ ಎಲೆಯಲ್ಲೇ ಮಾಡೋಣ. ಅಡುಗೆಮನೆಯಿಂದ ಒಂದು ಚೂರೂ ಬೇಡ."

ಅಜ್ಜಿ ಕಿವಿಯಿಂದ ಕೈ ತೆಗೆದರು. "ಸೆರಿ. ಹೊಸ ಮಡಕೆ ತರಿಸಿ. ವಿಭಾ ಸ್ನಾನ ಮಾಡಿ ಮಡೀಲಿ ಮುಟ್ಲಿ. ನೀನು ದೂರ ನಿಂತು ಹೇಳಪ್ಪ."

ಹೀಗೆ ಅವರಿಬ್ಬರ ಪ್ರೇಮಕ್ಕೆ ಅಜ್ಜಿಯೇ ಅಂತರ ಅಳೆದುಕೊಟ್ಟರು.

ದಿನಾ ಬೆಳಿಗ್ಗೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ವಿಭಾ ತಾರಸಿಗೆ ಬರುವಳು. ಬಟ್ಟೆ ಒಣಹಾಕುವ ಹಗ್ಗದ ಆಚೆ ಕಾಫಿ ಲೋಟ ಹಿಡಿದು ಅವನು ನಿಲ್ಲುವನು. ಮಡಕೆಯ ತಳಕ್ಕೆ ತೆಂಗಿನ ನಾರು, ಮೇಲೆ ಬೇವಿನ ಒಣ ಎಲೆ, ಅದರ ಮೇಲೆ ಹೂವು. ಬೇಗ ಕೊಳೆಯಲಿ ಎಂದು ಹುಳಿ ಮಜ್ಜಿಗೆ ಚಿಮುಕಿಸಬೇಕು. ಮಜ್ಜಿಗೆ ಅಜ್ಜಿಯೇ ಕೊಡುವರು.

"ಒಂದು ಹಿಡಿ ತಗೊಂಡು ಹಿಂಡಿ ನೋಡಿ."

"ನೀರು ಬರ್ತಾ ಇದೆ."

"ಹಾಗಾದ್ರೆ ಜಾಸ್ತಿ ಆಯ್ತು. ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಒಣ ಎಲೆ ಹಾಕಿ ಕೆದಕಿ. ಇಲ್ಲಾಂದ್ರೆ ವಾಸನೆ ಹೊಡೆಯುತ್ತೆ."

"ಅಲ್ಲಿ ನಿಂತು ಕಾಫಿ ಕುಡ್ಕೊಂಡು ಹೇಳೋಕೆ ಎಷ್ಟು ಸುಖ, ಇಲ್ವಾ?"

"ಕಷ್ಟ ಕಣ್ರೀ. ಇಷ್ಟು ದೂರ ನಿಲ್ಲೋದು ಬಹಳ ಕಷ್ಟ."

ಒಂದು ದಿನ ಅವಳ ಕೆನ್ನೆಗೆ ಮಣ್ಣು ಮೆತ್ತಿತು. ಅವನು ತನ್ನ ಕೆನ್ನೆ ಮುಟ್ಟಿ ತೋರಿಸಿದ. ಅವಳು ಇನ್ನೊಂದು ಕೆನ್ನೆ ಒರೆಸಿಕೊಂಡಳು. ಅವನು ತಲೆಯಾಡಿಸಿ ಮತ್ತೆ ತೋರಿಸಿದ, ಅವಳು ಹಣೆ ಒರೆಸಿಕೊಂಡಳು. ಎಲ್ಲಿ ಮೆತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಇನ್ನೂ ಸ್ವಲ್ಪ ಹೊತ್ತು ನೋಡಲಿ ಎಂದು ಬೇಕಂತಲೇ ಹಾಗೆ ಮಾಡುತ್ತಿದ್ದಳು.

ಹೂವಿನ ಬಣ್ಣವೆಲ್ಲ ಹೋಗಿ ಮಡಕೆಯೊಳಗೆ ಕಪ್ಪಾಗತೊಡಗಿತು. ಒಂದು ಬೆಳಿಗ್ಗೆ ಕೈ ಹಾಕಿದವಳು ಚೀರಿದಳು. "ಅಯ್ಯೋ, ಒಳಗೆ ಬಿಸಿ!"

"ಸರಿಯಾಗಿ ನಡೀತಿದೆ ಅಂತ ಅರ್ಥ. ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲ." ಹಾಗೆನ್ನುವಾಗ ಅವನು ಮಡಕೆಯನ್ನು ನೋಡುತ್ತಿರಲಿಲ್ಲ.

ವಿಭಾ ತಲೆ ತಗ್ಗಿಸಿದಳು. ಖುಷಿಯ ಜೊತೆಗೇ ಅಳುವೂ ಬಂತು. "ಅಜ್ಜಿ ಈ ಗೊಬ್ಬರಾನೇ ನಿಮಗೆ ಮುಟ್ಟೋಕೆ ಬಿಡಲ್ಲ. ಇನ್ನು ನನ್ನನ್ನ..."

"ಪೂರ್ತಿ ಹೇಳಿ."

"ಕನ್ನಡದಲ್ಲಿ ನಾಚಿಕೆ ಆಗತ್ತೆ."

"ತಮಿಳಲ್ಲೇ ಹೇಳಿ. ಈಗೀಗ ಅರ್ಥ ಆಗುತ್ತೆ."

"ಉಂಗಳ ಪಿಡಿಚ್ಚಿರುಕ್ಕು," ಅಂದವಳೇ ದಡದಡ ಮೆಟ್ಟಿಲಿಳಿದು ಓಡಿದಳು.

ಹಿಂದಿನಿಂದ ಅವನ ದನಿ ಕೇಳಿಸಿತು. "ನಾನು ನಿಮಗೆ ಹಿಡಿಸಿದೀನಿ ಅಂತ ತಾನೇ? ನನಗೂ ಕಣ್ರೀ! ಕನ್ನಡದಲ್ಲೇ ಹೇಳ್ತಿದೀನಿ, ನಂಗೆ ನೀವಂದ್ರೆ ಬಹಳ ಇಷ್ಟ!"

ಆ ಸಂಭ್ರಮದಲ್ಲಿ ಮಡಕೆಗೆ ಮುಚ್ಚಳ ಹಾಕುವುದನ್ನೇ ಮರೆತಿದ್ದಳು.

ಮಧ್ಯಾಹ್ನ ಮಳೆ ಶುರುವಾಯಿತು. ನುಂಗಂಬಾಕ್ಕಂನ ಆಫೀಸಿನಲ್ಲಿ ಕಿಟಕಿಯಾಚೆ ನೋಡಿದ ವಿಭಾಳಿಗೆ ಮುಚ್ಚಳ ನೆನಪಾಯಿತು. ಅಷ್ಟರಲ್ಲಿ ನಿಶಾಂತನ ಫೋನ್ ಬಂತು.

"ಮುಟ್ಟಿಬಿಟ್ಟೆ ಕಣ್ರೀ. ಮುಚ್ಚಳ ಹಾಕಿರಲಿಲ್ಲ, ಮಡಕೆ ತುಂಬ್ತಾ ಇತ್ತು. ತಬ್ಕೊಂಡು ಮೆಟ್ಟಿಲ ಕೆಳಗೆ ತಂದಿಟ್ಟೆ. ತಿರುಗಿ ನೋಡಿದ್ರೆ ಅಜ್ಜಿ ನಿಂತಿದ್ರು."

"ಏನಂದ್ರು?"

"ನೋಡಿ ಹಾಗೇ ಒಳಗೆ ಹೋದ್ರು. ಅದೇ ಭಯ."

ಎಲೆಕ್ಟ್ರಿಕ್ ಟ್ರೈನಿನಲ್ಲಿ ಮನೆಗೆ ಬರುವಷ್ಟರಲ್ಲಿ ವಿಭಾಳ ಅರ್ಧ ಜೀವ ಹೋಗಿತ್ತು. ಗೊಬ್ಬರವೂ ಹೋಯಿತು, ತುಳಸಿಯೂ ಹೋಯಿತು, ಅವನ ಮಾತೆತ್ತುವ ಧೈರ್ಯವಂತೂ ಹೋಗಿಯೇ ಹೋಯಿತು. ಅಜ್ಜಿ ಮಾತ್ರ ಬತ್ತಿ ಹೊಸೆಯುತ್ತಾ ಕೂತಿದ್ದರು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಅಂದರು, "ಆ ಹುಡುಗನ್ನ ಕರಿ."

ನಿಶಾಂತ್ ಬಂದು ಬಾಗಿಲ ಹೊರಗೇ ನಿಂತ. ವಿಭಾ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಗೋಡೆಗೆ ಒರಗಿದಳು.

"ಮಡಕೆ ಮುಟ್ಟಿದ್ಯಾ?"

"ಮುಟ್ಟಿದೆ ಅಜ್ಜಿ. ಮುಟ್ಟದಿದ್ರೆ ಎಲ್ಲಾ ಕೊಚ್ಕೊಂಡು ಹೋಗ್ತಿತ್ತು."

"ತಲೆ ನೆಂದಿತ್ತಾ?"

"ಪೂರ್ತಿ."

"ಬಟ್ಟೆ?"

"ಹಿಂಡೋ ಹಾಗಿತ್ತು."

"ಮತ್ತೆ ಇನ್ನೇನು? ತಲೆ ಮೇಲೆ ನೀರು ಬಿದ್ದು ಒದ್ದೆ ಬಟ್ಟೇಲಿ ಮುಟ್ಟಿದ್ರೆ ಅದು ಮಡೀನೇ. ನಮ್ಮತ್ತೆ ಒದ್ದೆ ಸೀರೇಲೇ ಅಡಿಗೆ ಮಾಡೋರು." ಅಜ್ಜಿ ಬತ್ತಿಯ ತಟ್ಟೆ ಪಕ್ಕಕ್ಕಿಟ್ಟರು. "ತುಳಸಿಗೆ ನೀನೇ ಹಾಕು. ಕಾಪಾಡಿದವನು ನೀನು ತಾನೇ?"

ಇಷ್ಟು ಸಲೀಸಾಗಿ ಅಜ್ಜಿ ಮಡಿಯಲ್ಲಿ ದಾರಿ ಮಾಡಿಕೊಟ್ಟಿದ್ದನ್ನು ವಿಭಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ, ನಗುವೂ ತಡೆಯಲಾಗಲಿಲ್ಲ.

ಮಡಕೆಯ ಬಿಸಿ ಆರಿ ಗೊಬ್ಬರ ಪೂರ್ತಿ ಮಾಗಿದ ದಿನ ಗಟ್ಟಿ ಮಣ್ಣನ್ನು ಅವನು ಸಡಿಲಿಸಿದ, ಅವಳು ಗೊಬ್ಬರ ಬೆರೆಸಿದಳು. ಮೊದಲ ಮಳೆ ಬಿದ್ದ ನೆಲದ ವಾಸನೆ ಬಂತು. ಹಾಕಿದ ನೀರು ಈ ಸಲ ಹರಿದುಹೋಗದೆ ಒಳಗಿಳಿಯಿತು. ಕಾರ್ತಿಕ ಬರುವ ಹೊತ್ತಿಗೆ ಕಡ್ಡಿಯ ಗಂಟುಗಂಟಿಗೂ ಚಿಗುರು, ಅಜ್ಜಿಯ ತಟ್ಟೆಯಲ್ಲಿ ಮತ್ತೆ ಎರಡನೇ ಸಲ ಅನ್ನ.

ತುಳಸಿ ಹಬ್ಬದ ಸಂಜೆ, ಮದುಮಗನ ಜಾಗಕ್ಕೆ ನಿಲ್ಲಿಸುವ ನೆಲ್ಲಿ ಕೊಂಬೆಯನ್ನು ನಿಶಾಂತನೇ ಹುಡುಕಿ ತಂದ. ತಾರಸಿಯ ತುಂಬ ದೀಪ. ಅಭ್ಯಾಸಬಲದಿಂದ ಅವನು ಬಟ್ಟೆಯ ಹಗ್ಗದ ಆಚೆಯೇ ನಿಂತು ಕೊಂಬೆ ಚಾಚಿದ.

"ಇಲ್ಲಿ ಬಾರಪ್ಪ," ಅಂದರು ಅಜ್ಜಿ. "ಕೊಂಬೆ ತುಳಸಿ ಪಕ್ಕ ನೆಡು, ನೀನು ಇವಳ ಪಕ್ಕ ನಿಂತ್ಕೋ. ದೂರ ನಿಂತಿದ್ದು ಸಾಕು. ಪೂಜೆ ಆದ್ಮೇಲೆ ನಿಮ್ಮಮ್ಮನಿಗೆ ಫೋನ್ ಹಚ್ಚಿ ಕೊಡು, ನಾನು ಮಾತಾಡ್ತೀನಿ."

ನಿಶಾಂತ್ ತಲೆ ಬಗ್ಗಿಸಿ ಹಗ್ಗದ ಈಚೆ ಬಂದ. ವಿಭಾ ದೂರ ಸರಿಯಲಿಲ್ಲ.