ಮೂವತ್ತೆರಡಕ್ಕೆ ಒಂದೇ ಸಹಿ

ನನಗೆ ಭಯ ಇದ್ದದ್ದು ಚಿಕ್ಕಪ್ಪನದ್ದಲ್ಲ. ನನ್ನ ಗಂಟಲಿನದ್ದು. ಬೇಕಾದಾಗಲೇ ಅದು ಕೈಕೊಡುತ್ತದೆ...

ಆಗಲೂ ಕೈಕೊಟ್ಟಿತು!

ಚಿಕ್ಕಪ್ಪ ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತಿದ್ದ. ಲೇಸರ್ ಮಷೀನು ನಡೆಸುವುದು ಅವನ ಕೆಲಸ, ತಪಾಸಣೆ ನನ್ನದು.

"ಆ ತುಂಡು ಇಲ್ಲಿ ಕೊಡು, ಮಗಾ."

ನನ್ನ ಮುಷ್ಟಿಯಲ್ಲಿ ಟೈಟಾನಿಯಂ ಕಡ್ಡಿ. ಸೊಂಟದ ಕೀಲು ಸವೆದವರ ತೊಡೆಮೂಳೆಯೊಳಗೆ ಕೂರಿಸುವಂಥದ್ದು. ಅದರ ಮೈಮೇಲೆ ಲೇಸರ್, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಕೊರೆಯಬೇಕು. ಮೂಳೆ ಅವನ್ನೇ ಹಿಡಿದು ಬೆಳೆಯುತ್ತದೆ. ಗೆರೆ ಇಲ್ಲವೋ, ಕಡ್ಡಿ ಸಡಿಲ... ನಡೆಯುವವರು ನೆಲಕ್ಕೆ!

ಸರಿಯಾಗಿ ಕೊರೆದದ್ದನ್ನು ದೀಪಕ್ಕೆ ಓರೆ ಹಿಡಿದರೆ ಕಾಮನಬಿಲ್ಲು ಹೊಳೆಯುತ್ತದೆ. ಪ್ಯಾಕಿಂಗ್ ಮುಗಿದ ಮೇಲೆ ಟ್ರೇಯಲ್ಲಿ ಉಳಿದಿದ್ದ ಈ ಹೆಚ್ಚುವರಿ ತುಂಡು, ಸೀದ ಬಾಣಲೆಯ ತಳದಂತೆ ಮಂಕಾಗಿತ್ತು.

"ಬೇಗ ಮುಗಿಸೋಕೆ ಪವರ್ ಏರಿಸಿದ್ದೀಯ. ಗೆರೆಯೆಲ್ಲ ಕರಗಿದೆ." ನನ್ನದು ಬರೀ ಪಿಸುಮಾತು.

"ಎರಡು ದಿನಕ್ಕೆ ಮೂವತ್ತೆರಡು ತುಂಡು! ಮಂತ್ರ ಹಾಕ್ಲಾ? ನಿನಗೆ ಈ ಕೆಲಸ ಕೊಡಿಸಿದ್ದು ಯಾರು?"

"ನೀನೇ."

"ಮತ್ತೆ ಉಂಡ ಮನೆ ಜಂತೆ ಎಣಿಸ್ಬೇಡ!"

ಹೊರಗೆ, ಮೂವತ್ತೆರಡನ್ನೂ ಹೊತ್ತ ಆಸ್ಪತ್ರೆಯ ವ್ಯಾನ್ ಸ್ಟಾರ್ಟ್ ಆಯಿತು. ನಾಳೆಯೇ ಮೊದಲ ಆಪರೇಷನ್!

ಬಗ್ಗಿದೆ. ಅವನ ತೋಳಿನಡಿ ನುಸುಳಿದೆ. ಜಡೆಗೆ ಕೈ ಹಾಕಿದ... ರಬ್ಬರ್ ಬ್ಯಾಂಡ್ ಮಾತ್ರ ಅವನ ಪಾಲಾಯಿತು.

ಕಾರಿಡಾರ್. ಮೆಟ್ಟಿಲು. ಗ್ಯಾಸ್ ಸಿಲಿಂಡರಿಗೆ ಮೊಣಕಾಲು ಬಡಿಯಿತು. ಗೇಟು!

ವ್ಯಾನಿಗೆ ಅಡ್ಡ ನಿಂತೆ. ಬ್ರೇಕು ಕಿರುಚಿತು. ನನಗೂ ಬಂಪರಿಗೂ ನಡುವೆ ಒಂದು ಗೇಣು.

"ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ, ತಾಯಿ?" ಡ್ರೈವರ್ ಗದರಿದ.

ನಾನು ಮಂಕು ಕಡ್ಡಿಯನ್ನು ಎತ್ತಿ ಹಿಡಿದೆ. ಅವನ ಪಕ್ಕದ ಸೀಟಿನಲ್ಲಿದ್ದ ಸ್ಟೋರ್ಸ್ ಮೇಡಂ ತಪಾಸಣೆಯ ಕಾಗದ ಎತ್ತಿ ತೋರಿಸಿದರು. "ಏನಮ್ಮಾ? ಮೂವತ್ತೆರಡೂ ಪಾಸ್ ಅಂತ ನಿನ್ನ ಸಹೀನೇ ಇದೆಯಲ್ಲ!"

ಚಿಕ್ಕಪ್ಪ ಏದುಸಿರು ಬಿಡುತ್ತ ಬಂದ. "ಹುಡುಗಿಗೆ ಜ್ವರ, ಮೇಡಂ. ನೀವು ಹೊರಡಿ." ಆಮೇಲೆ ನನ್ನ ಕಿವಿಯಲ್ಲಿ, "ಬಾಯಿ ಬಿಟ್ರೆ ಸಿಕ್ಕಿಬೀಳೋದು ನೀನೇ."

ಸುಳ್ಳಲ್ಲ. ನಮ್ಮಲ್ಲಿ ಮೈಕ್ರೋಸ್ಕೋಪಿನಡಿ ಹೋಗುವುದು ಟ್ರೇಯ ಮೊದಲ ತುಂಡು ಮಾತ್ರ. ಮೊದಲಿನಿಂದಲೂ ಅದೇ ರೂಢಿ. ಅದು ಗೊತ್ತಿದ್ದೇ ಅವನು ಅದೊಂದನ್ನು ಮುತ್ತಿನಂತೆ ಕೊರೆದಿದ್ದ. ನಾನೂ ಅದೊಂದನ್ನೇ ನೋಡಿ ಪೆನ್ನು ತೆಗೆದಿದ್ದೆ.

ಅವನತ್ತ ಬೆರಳು ತೋರಿಸಬಹುದಿತ್ತು. ಅದೂ ನಿಜವೇ... ಆದರೆ ಅರ್ಧ.

"ನಾನು ನೋಡಿದ್ದು ಒಂದನ್ನೇ, ಮೇಡಂ!" ಬೀದಿಯವರೆಲ್ಲ ತಿರುಗಿದರು. "ಉಳಿದ ಮೂವತ್ತೊಂದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದ್ದೀನಿ... ಗಾಡಿ ರಿವರ್ಸ್ ತಗೊಳ್ಳೋಕೆ ಹೇಳಿ!"